ಆಸರೆಗೂ ಒಂದು ವಿಜ್ಞಾನವಿದೆ

ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಅಂಚಿನಲ್ಲಿರುವ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ಖಿನ್ನತೆ ತನ್ನ ಹೆಸರು ಹೇಳಿಕೊಂಡು ಆಸ್ಪತ್ರೆಗೆ ಬರುವುದು ಅಪರೂಪ. ತಲೆ ಭಾರ, ಎದೆ ಡವಡವ, ಕೈಕಾಲು ಸೆಳೆತ, ಮೈಯೆಲ್ಲ ಉರಿ, ನಡುರಾತ್ರಿ ಎಚ್ಚರವಾದರೆ ಮತ್ತೆ ಹತ್ತದ ನಿದ್ದೆ, ಹೀಗೆ ಅದು ಮೈಯ ದೂರಾಗಿ ಬರುತ್ತದೆ. ನೋವಿನ ಮಾತ್ರೆ, ಗ್ಲೂಕೋಸ್ ಬಾಟಲಿ, ಒಂದು ಶಕ್ತಿ ಇಂಜೆಕ್ಷನ್ ಪಡೆದು ಜನ ಮನೆಗೆ ಮರಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ನೋವು ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ಮನೆಯ ಹಿರಿಯರು ಶಾಸ್ತ್ರ ಕೇಳಿಸುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ಪಾವಗಡದ ಶನಿಮಹಾತ್ಮನ ಗುಡಿ, ಗೊರವನಹಳ್ಳಿಯ ಲಕ್ಷ್ಮಿ, ಮಧುಗಿರಿಯ ದಂಡಿನ ಮಾರಮ್ಮ, ಶಿರಾದ ಮಲಿಕ್ ರೆಹಾನ್ ದರ್ಗಾ, ಯಾರಿಗೆ ಯಾವುದರ ಮೇಲೆ ನಂಬಿಕೆಯೋ ಅಲ್ಲಿಗೆ ಹೋಗಿ ಬರುತ್ತಾರೆ.

ಈಗ ಇದಕ್ಕೆ ಹೊಸದೊಂದು ಸೇರಿದೆ. ಔಷಧಿಯಿಲ್ಲದೆ, ಮನೋವೈದ್ಯರ ಕೋಣೆಗೆ ಕಾಲಿಡದೆ, ಧ್ಯಾನ, ಉಸಿರಾಟ, ಆಹಾರ, ಒಳ್ಳೆಯ ಯೋಚನೆಗಳ ಮೂಲಕ ಇಡೀ ಮನುಷ್ಯನನ್ನೇ ಬೆಳೆಸುತ್ತೇವೆ ಎನ್ನುವ ಶಿಬಿರಗಳು, ವಿಡಿಯೋಗಳು, ಮಾರ್ಗದರ್ಶಕರು. 'ಸಮಗ್ರ ವಿಕಾಸ' ಎಂಬ ಈ ಕರೆಗೆ ಓಗೊಡುವವರನ್ನು ಮೂಢರೆಂದು ತಳ್ಳಿಹಾಕುವುದು ಸರಿಯಲ್ಲ. ಮನುಷ್ಯನನ್ನು ಮಿದುಳಿನ ರಸಾಯನಕ್ಕೆ ಇಳಿಸಬೇಡಿ, ಅವನ ಹೊಲ, ಸಾಲ, ನಿದ್ದೆ, ನಂಟು, ನಂಬಿಕೆ ಎಲ್ಲವನ್ನೂ ನೋಡಿ ಎಂಬ ಆಗ್ರಹ ಅದರೊಳಗಿದೆ. ಆ ಆಗ್ರಹ ನ್ಯಾಯವಾದದ್ದು. ಆದರೆ ಆಸರೆ ಎಂದು ಕರೆಸಿಕೊಂಡದ್ದೆಲ್ಲ ಆಸರೆಯಾಗುವುದಿಲ್ಲ. ಯಾವುದು ನಿಜವಾಗಿ ಮನಸ್ಸನ್ನು ಎತ್ತುತ್ತದೆ, ಯಾವುದು ಎತ್ತಿದಂತೆ ಕಂಡು ಕೈಬಿಡುತ್ತದೆ ಎಂಬುದನ್ನು ಅಳೆದು ನೋಡಬಹುದು. ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಅಳೆದೂ ಇದ್ದಾರೆ.

ಮಂಗಳವಾರದ ಡಾಕ್ಟರು

ಭಾರತದಲ್ಲಿ ಲಕ್ಷ ಜನರಿಗೆ ಮನೋವೈದ್ಯರ ಸಂಖ್ಯೆ ಸುಮಾರು 0.75 ಎಂಬ ಅಂದಾಜಿದೆ. ಅಂದರೆ ಲಕ್ಷಕ್ಕೆ ಒಬ್ಬರೂ ಇಲ್ಲ. ಇರುವವರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಈ ಕೊರತೆ ನೀಗಲೆಂದು ಕರ್ನಾಟಕ ಸರ್ಕಾರ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆಸುವ ವ್ಯವಸ್ಥೆ ಮಾಡಿತು. ಅದು ಒಳ್ಳೆಯ ಹೆಜ್ಜೆ. ಆದರೂ ಒಬ್ಬರು ಡಾಕ್ಟರು, ಒಂದು ದಿನ, ಹೊರಗೆ ಉದ್ದದ ಸಾಲು. ಇಂಥ ಕಡೆ ಮಾತ್ರೆ ಬರೆದುಕೊಡಬಹುದು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು, ಎರಡು ಮೂರು ತಿಂಗಳು ಮಾತಾಡಿ ಮನಸ್ಸನ್ನು ಸರಿಪಡಿಸುವ ಚಿಕಿತ್ಸೆಗೆ ಹೊತ್ತೂ ಇಲ್ಲ, ಜನವೂ ಇಲ್ಲ.

ಪಾವಗಡದ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಜಿಲ್ಲಾ ಕೇಂದ್ರ ಸುಮಾರು 100 ಕಿಲೋಮೀಟರ್ ದೂರ. ತಾಲ್ಲೂಕಿನ ಬಹುಭಾಗವನ್ನು ಆಂಧ್ರಪ್ರದೇಶ ಸುತ್ತುವರಿದಿದೆ. ಎಷ್ಟೋ ಮನೆಗಳಲ್ಲಿ ಅಳುವುದೂ ನಗುವುದೂ ತೆಲುಗಿನಲ್ಲಿ. ಶಿರಾ ಪಟ್ಟಣದಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳು ಬಹಳ. ಮನಸ್ಸಿನ ನೋವನ್ನು ಮನೆಮಾತಿನಲ್ಲೇ ಹೇಳಿಕೊಳ್ಳಬೇಕು. ಹೊರಗಿನಿಂದ ಬಂದ ತಜ್ಞರಿಗೆ ಅದು ತಲುಪುವುದು ಅರ್ಧ ಮಾತ್ರ.

ಹಾಗಾಗಿ ಇಲ್ಲಿನ ಜನ ಚಿಕಿತ್ಸೆ ಬೇಡವೆಂದು ಪರ್ಯಾಯ ಹುಡುಕುತ್ತಿದ್ದಾರೆ ಎನ್ನುವಂತಿಲ್ಲ. ಅವರಿಗೆ ಚಿಕಿತ್ಸೆಯೇ ಎದುರಾಗಿಲ್ಲ. ಇದು ಹೊಸ ಸಂಗತಿಯೂ ಅಲ್ಲ. 1970ರ ದಶಕದಲ್ಲಿ ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಮನೆಮನೆ ತಿರುಗಿ ಅಧ್ಯಯನ ಮಾಡಿದರು. ಮನಸ್ಸು ಕೆಟ್ಟಾಗ ಜನ ಮಂತ್ರವಾದಿಯನ್ನೂ, ದರ್ಶನದ ಪಾತ್ರಿಯನ್ನೂ, ನಾಟಿ ವೈದ್ಯರನ್ನೂ, ಇಂಗ್ಲಿಷ್ ಔಷಧಿಯ ಡಾಕ್ಟರನ್ನೂ ಕಾಣುತ್ತಿದ್ದರು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕೆಂಬ ಹಟ ಅವರಿಗಿರಲಿಲ್ಲ. ಪರ್ಯಾಯವೋ ಚಿಕಿತ್ಸೆಯೋ ಎಂಬ ಜಗಳವನ್ನು ಹಚ್ಚುವವರು ಎರಡೂ ಕಡೆಯ ಪಂಡಿತರು, ನೊಂದವರಲ್ಲ.

ಕೈಗೆ ಕೆಲಸ, ಮನಸ್ಸಿಗೆ ದಾರಿ

ಪಾವಗಡದ ಹಳ್ಳಿಯೊಂದರ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳಿ. ಎರಡು ವರ್ಷ ಕಡಲೆಕಾಯಿ ಬೆಳೆ ಕೈಕೊಟ್ಟಿದೆ, ಮಗ ಬೆಂಗಳೂರು ಸೇರಿದ್ದಾನೆ, ಗಂಡ ಕುಡಿಯುತ್ತಾನೆ. ಮೊದಲು ಅವರು ಸಂಘದ ಸಭೆಗೆ ಹೋಗುವುದನ್ನು ಬಿಟ್ಟರು. ಆಮೇಲೆ ನೆಂಟರ ಮನೆಯ ಮದುವೆಗೆ ಹೋಗಲಿಲ್ಲ. ತಲೆ ಬಾಚುವುದು, ಮುಂಜಾನೆ ಬಾಗಿಲಿಗೆ ನೀರು ಹಾಕುವುದು ಕೂಡ ಬೇಡವೆನಿಸಿತು. ಹೊರಗೆ ಹೋಗದಿದ್ದರೆ ಒಳ್ಳೆಯ ಮಾತು ಕಿವಿಗೆ ಬೀಳುವುದಿಲ್ಲ. ಕೆಲಸ ಮುಗಿಸಿದ ನೆಮ್ಮದಿ ಸಿಗುವುದಿಲ್ಲ. ನೆಮ್ಮದಿ ಸಿಗದಿದ್ದರೆ ಮಾರನೆಯ ದಿನ ಏಳುವುದು ಇನ್ನಷ್ಟು ಕಷ್ಟ. ಖಿನ್ನತೆ ಬಲಿಯುವುದು ಈ ಸುತ್ತಿನಲ್ಲಿ. ಸಂತೋಷ ಕಾದಿದೆ ಎಂದು ಮುನ್ಸೂಚನೆ ಕೊಟ್ಟು ನಮ್ಮನ್ನು ಎಬ್ಬಿಸುವ ಮಿದುಳಿನ ಜಾಲಗಳು ಮಂಕಾಗುತ್ತವೆ. ಜೊತೆಗೆ ಹೈಪೊಥಲಾಮಸ್, ಪಿಟ್ಯೂಟರಿ, ಅಡ್ರಿನಲ್ ಗ್ರಂಥಿಗಳ ಸರಪಳಿ ಬಿಡುವಿಲ್ಲದೆ ದುಡಿದರೆ ಕಾರ್ಟಿಸಾಲ್ ಹಾರ್ಮೋನಿನ ದಿನಚರಿ ಏರುಪೇರಾಗಿ ನಿದ್ದೆ, ಹಸಿವು, ಗಮನ ಎಲ್ಲವೂ ಕದಡುತ್ತವೆ.

ಈ ಸುತ್ತನ್ನು ಎಲ್ಲಿ ಕಡಿಯುವುದು? ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾದರೆ ಅದು ಸರಿಹೋಗುವುದಿಲ್ಲ. ಪುಟ್ಟ ಕೆಲಸವೊಂದನ್ನು ಮೊದಲು ಮಾಡಿದರೆ ಮನಸ್ಸು ಹಿಂದೆ ಬರುತ್ತದೆ. ಯಾವ ಹೊತ್ತಿಗೆ ಯಾವ ಕೆಲಸ, ಯಾರ ಜೊತೆ, ಆಮೇಲೆ ಹೇಗನ್ನಿಸಿತು ಎಂದು ಗುರುತು ಹಾಕಿಕೊಂಡು ದಿನವನ್ನು ಮತ್ತೆ ಕಟ್ಟುವ ಮನೋವಿಜ್ಞಾನದ ಈ ವಿಧಾನವನ್ನು ಚಟುವಟಿಕೆ ಚಿಕಿತ್ಸೆ ಎನ್ನಬಹುದು. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾಗವಹಿಸಿದವರು ತೀವ್ರ ಖಿನ್ನತೆಯ 493 ಮಂದಿ. ಅವರೊಡನೆ ಆರರಿಂದ ಎಂಟು ಸಲ ಕೂತು ಮಾತಾಡಿದವರು ಮನೋವೈದ್ಯಕೀಯ ಓದದ, ಈ ಕೆಲಸಕ್ಕೆಂದೇ ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳಿಗೆ ಈ ಗುಂಪಿನಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಬರೀ ವೈದ್ಯರ ಆರೈಕೆ ಪಡೆದ ಗುಂಪಿನಲ್ಲಿ ಆ ಪ್ರಮಾಣ 39.

ಈ ಫಲಿತಾಂಶ ನಮ್ಮ ತಾಲ್ಲೂಕುಗಳ ಬದುಕಿಗೂ ಒಂದು ಬೆಳಕು ಬೀರುತ್ತದೆ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಉದ್ಯಾನ ಎದ್ದಿದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ಬರದ ನೆಲದ ಒಡೆಯರಿಗೆ ವರ್ಷವರ್ಷವೂ ಹಣ ಬರುತ್ತದೆ. ಅದು ಚಿಂತೆಯ ಒಂದು ಬೇರನ್ನು ಕಡಿಯುವಂಥದ್ದು. ಆದರೆ ಆ ನೆಲದಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಗುತ್ತಿಗೆ ಹಣವಿಲ್ಲ, ಆ ಕೆಲಸವೂ ಹೋಯಿತು. ಸಾಲಾಗಿ ಬಗ್ಗಿ ಮಾತಾಡುತ್ತ ದುಡಿಯುವಾಗ ಕೂಲಿಯ ಜೊತೆಗೆ ಗೆಳೆತನ, ದಿನಕ್ಕೊಂದು ಆಕಾರ, ನಾನು ಬೇಕಾದವಳು ಎಂಬ ಭಾವವೂ ಸಿಗುತ್ತಿತ್ತು. ಅಭಿವೃದ್ಧಿಯ ಲೆಕ್ಕ ಬರೆಯುವವರು ಈ ನಷ್ಟವನ್ನೂ ಬರೆಯಬೇಕು. ಉದ್ಯೋಗ ಖಾತರಿಯ ಕೂಲಿ, ಹೈನುಗಾರಿಕೆ, ಹೊಲಿಗೆ ಮುಂತಾದ ಯೋಜನೆಗಳನ್ನು ಮಾನಸಿಕ ಆರೋಗ್ಯದ ಯೋಜನೆಗಳೆಂದೂ ನೋಡಬೇಕು.

ಹರಾರೆಯ ಅಜ್ಜಿಯರು, ನಮ್ಮ ಸಂಘಗಳು

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ತಮ್ಮ ಬಳಿ ಬರುತ್ತಿದ್ದ ತರುಣಿಯೊಬ್ಬಳನ್ನು ಕಳೆದುಕೊಂಡರು. ಆಸ್ಪತ್ರೆಗೆ ಬರಲು ಅವಳ ಮನೆಯವರ ಬಳಿ ಬಸ್ಸಿನ ದುಡ್ಡಿರಲಿಲ್ಲ. ಈ ದುಃಖದಿಂದ 2006ರಲ್ಲಿ ಹರಾರೆಯಲ್ಲಿ ಹುಟ್ಟಿದ್ದು 'ಫ್ರೆಂಡ್‌ಶಿಪ್ ಬೆಂಚ್'. ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ತರಬೇತಿ ಪಡೆದ ಊರಿನ ಅಜ್ಜಿ. ಅಜ್ಜಿ ಉಪದೇಶ ಮಾಡುವುದಿಲ್ಲ. ಪೂರ್ತಿ ಕೇಳಿಸಿಕೊಂಡು, ಇರುವ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿ, ಅದಕ್ಕೆ ಈ ವಾರ ಏನು ಮಾಡಬಹುದೆಂದು ಬಂದವರಿಂದಲೇ ಹೊರಡಿಸುತ್ತಾಳೆ. ಆಮೇಲೆ ಅವರನ್ನು ಗುಂಪೊಂದಕ್ಕೆ ಸೇರಿಸುತ್ತಾಳೆ. ಅಲ್ಲಿ ಹೆಂಗಸರು ಚೀಲ ಹೆಣೆಯುತ್ತ ಮಾತಾಡುತ್ತಾರೆ. 573 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಬಳಿಕ ಬೆಂಚಿಗೆ ಬಂದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ನೂರಕ್ಕೆ ಸುಮಾರು 14 ಮಂದಿಗೆ. ಮಾಮೂಲಿ ಆರೈಕೆಯವರಲ್ಲಿ ಅದು ಸುಮಾರು 50.

ನಮ್ಮಲ್ಲಿ ಬೆಂಚಿನ ಜಾಗಕ್ಕೆ ಸಂಘಗಳಿವೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು, ಧರ್ಮಸ್ಥಳ ಯೋಜನೆಯ ಸಂಘಗಳು, ಅಂಗನವಾಡಿ, ಆಶಾ ಕಾರ್ಯಕರ್ತೆಯರು ಈ ನಾಲ್ಕು ತಾಲ್ಲೂಕುಗಳ ಊರೂರಿನಲ್ಲೂ ಇದ್ದಾರೆ. "ಯಾಕಕ್ಕ, ಎರಡು ವಾರದಿಂದ ಸಂಘಕ್ಕೆ ಬರಲಿಲ್ಲ?" ಎಂದು ಬಾಗಿಲಲ್ಲಿ ನಿಂತು ಕೇಳುವ ಹಕ್ಕು ಅವರಿಗಿದೆ. ಯಾವ ತಜ್ಞರಿಗೂ ಈ ಪ್ರವೇಶ ಸಿಗದು.

ಇಲ್ಲೇ ಒಂದು ಎಚ್ಚರಿಕೆಯೂ ಬೇಕು. ಸಂಘವೆಂದರೆ ವಾರದ ಕಂತೂ ಹೌದು. ಒಬ್ಬರು ಕಟ್ಟದಿದ್ದರೆ ಉಳಿದವರ ಕಣ್ಣು ಅವರ ಮೇಲೆ. ಕೈಹಿಡಿಯುವ ವರ್ತುಲವೇ ಅವಮಾನದ ವರ್ತುಲವಾಗುವುದಕ್ಕೆ ಹೊತ್ತು ಬೇಕಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಾಳಲಾರದೆ ರಾಜ್ಯದ ಹಲವೆಡೆ ಜನ ಊರು ಬಿಟ್ಟರು, ಜೀವ ಬಿಟ್ಟರು. 2025ರ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲದ ಹೊರೆ ಹೊತ್ತವರಿಗೆ ಧ್ಯಾನ ಹೇಳಿಕೊಡುವುದಕ್ಕಿಂತ ಮೊದಲು ಸಾಲದ ಕಾಗದ ಓದಿ ಹೇಳುವವರು ಬೇಕು. ಮನಸ್ಸಿನ ಮಾತಿಗೆ ಕೂಡುವ ದಿನ ಬೇರೆ, ಕಂತು ಕಟ್ಟುವ ದಿನ ಬೇರೆ ಇರಬೇಕು. ಅಲ್ಲಿ ಆಡಿದ್ದು ಬೀದಿಗೆ ಹೋಗಬಾರದು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಹಳ್ಳಿಯಲ್ಲಿ ಗುಟ್ಟು ಕಾಯುವುದೇ ಆಸರೆಯ ಮೊದಲ ಅರ್ಹತೆ.

ಉಸಿರು ಮತ್ತು ಹಾಡು

ಯೋಗ, ಪ್ರಾಣಾಯಾಮಗಳ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ. ಸತ್ಯದ ಪಾಲನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅಳೆದಿದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಾಢ ಖಿನ್ನತೆಯ 45 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಇನ್ನೊಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ. ನಾಲ್ಕು ವಾರದ ಕೊನೆಗೆ ಗುಣಕಂಡವರ ಪ್ರಮಾಣ ಕ್ರಮವಾಗಿ ನೂರಕ್ಕೆ 93, 73 ಮತ್ತು 67. ಉಸಿರಾಟದ ಗುಂಪು ಮಾತ್ರೆಯ ಗುಂಪಿಗೆ ಹತ್ತಿರಹತ್ತಿರ ಬಂತು.

ಈ ಅಂಕಿಗಳನ್ನು ಓದುವ ಬಗೆ ಮುಖ್ಯ. ಒಂದೊಂದು ಗುಂಪಿನಲ್ಲಿ ಇದ್ದವರು ಬರೀ 15 ಮಂದಿ. ಏನೂ ಚಿಕಿತ್ಸೆಯಿಲ್ಲದ ಹೋಲಿಕೆಯ ಗುಂಪು ಇರಲಿಲ್ಲ. ಎಲ್ಲರೂ ಆಸ್ಪತ್ರೆಯಲ್ಲಿದ್ದರು, ವೈದ್ಯರ ಕಣ್ಣು ದಿನವೂ ಅವರ ಮೇಲಿತ್ತು. ಹಾಗಾಗಿ ಈ ಅಧ್ಯಯನ ತೋರಿಸಿ ಮಾತ್ರೆ ಎಸೆಯಿರಿ ಎನ್ನುವವರು ಅದನ್ನು ಅರ್ಧ ಓದಿದ್ದಾರೆ. ಉಸಿರಾಟದಲ್ಲಿ ಏನೂ ಇಲ್ಲ ಎನ್ನುವವರೂ ಅಷ್ಟೇ. ನಿಧಾನದ ಉಸಿರು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ಇಳಿಸುತ್ತದೆ, ಮೈಯ ಎಚ್ಚರಿಕೆ ಗಂಟೆಯನ್ನು ತಗ್ಗಿಸುತ್ತದೆ. ನಿಮ್ಹಾನ್ಸ್‌ನಲ್ಲಿ ನಡೆದ ಮುಂದಿನ ಅಧ್ಯಯನಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರಿಗೂ ಔಷಧಿಯ ಜೊತೆಗೆ ಯೋಗ ಸೇರಿಸಿದಾಗ ಪ್ರಯೋಜನ ಕಂಡಿದೆ.

ಒಟ್ಟಾಗಿ ಹಾಡುವುದನ್ನೂ ವಿಜ್ಞಾನಿಗಳು ಬಿಟ್ಟಿಲ್ಲ. ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡಿದ ಅಪರಿಚಿತರು ಬೇರೆ ತರಗತಿಗಳಲ್ಲಿ ಕೂತವರಿಗಿಂತ ಬೇಗ ಹತ್ತಿರವಾದರು. ಶನಿವಾರದ ಭಜನೆ, ಸೋಬಾನೆ, ಕೋಲಾಟ ಇವೆಲ್ಲ ಉಸಿರು, ಲಯ, ಸಹವಾಸ ಮೂರನ್ನೂ ಒಮ್ಮೆಗೇ ಕೊಡುತ್ತವೆ. ಇಂಥ ಸಹವಾಸದ ಬೆಲೆ ಸಣ್ಣದಲ್ಲ. ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು 2010ರಲ್ಲಿ ಕೂಡಿಸಿ ನೋಡಿದಾಗ, ಗಟ್ಟಿ ನಂಟುಗಳಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ನೂರಕ್ಕೆ 50ರಷ್ಟು ಹೆಚ್ಚೆಂದು ಕಂಡಿತ್ತು.

ಗುಡಿಯ ನೆರಳು, ಸರಪಳಿಯ ಗಾಯ

ನಂಬಿಕೆಯ ಜಾಗಗಳ ಬಗ್ಗೆ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ತಮಿಳುನಾಡಿನವು.

ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ಉಳಿಯಲು ಬಂದಿದ್ದ 31 ಮಂದಿ ತೀವ್ರ ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಅಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಇರಲಿಲ್ಲ. ವಿಶೇಷ ಪೂಜಾವಿಧಿಯೂ ಇರಲಿಲ್ಲ. ಮನೆಯವರೊಬ್ಬರು ಜೊತೆಗಿರಬೇಕು, ಗುಡಿಯ ಚಿಕ್ಕಪುಟ್ಟ ಕೆಲಸದಲ್ಲಿ ಕೈಜೋಡಿಸಬೇಕು. ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣಗಳ ಅಳತೆ 52.9ರಿಂದ 42.9ಕ್ಕೆ ಇಳಿಯಿತು. ಹೆದರಿಕೆಯಿಲ್ಲದ ಜಾಗ, ಜೊತೆಗೆ ಮನೆಯವರು, ಕೈಗೆ ಕೆಲಸ, ಇಷ್ಟಿದ್ದ ಕಡೆ ಇಷ್ಟು ಇಳಿಕೆ.

ಅದೇ ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ದರ್ಗಾ ಸಮೀಪದ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿದ್ದರು. ಓಡಲಾಗದೆ 28 ಮಂದಿ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ.

ಸಮುದಾಯವೇ ಗಾಯ ಮಾಡುವುದಕ್ಕೆ ನಮ್ಮ ಜಿಲ್ಲೆಯೂ ಹೊರತಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಲ್ಲಿ ಇರಿಸಿದ್ದರು. ಮಳೆ, ಚಳಿಗೆ ಹಸುಗೂಸು ತೀರಿಕೊಂಡಿತು. ಶಿರಾ, ಮಧುಗಿರಿ, ಪಾವಗಡಗಳಲ್ಲೂ ಗೊಲ್ಲರಹಟ್ಟಿಗಳಿವೆ. ಹೆರಿಗೆಯ ನಂತರದ ವಾರಗಳು ಹೆಣ್ಣಿನ ಮನಸ್ಸು ಬಹಳ ಸೂಕ್ಷ್ಮವಾಗಿರುವ ಕಾಲ. ಆಗಲೇ ಒಂಟಿಯಾಗಿಸುವ ಪದ್ಧತಿ ಎಷ್ಟು ಹಳೆಯದಾದರೂ ಹೋಗಬೇಕು. ಅದರ ವಿರುದ್ಧ ಹಟ್ಟಿಯ ಹೆಣ್ಣುಮಕ್ಕಳೇ ಎತ್ತುತ್ತಿರುವ ದನಿಗೆ ನಾವೆಲ್ಲ ಜೊತೆಯಾಗಬೇಕು.

ದಾಟಿಸುವ ಹೊಣೆ

ಕೆಲವು ಸ್ಥಿತಿಗಳಲ್ಲಿ ಅಜ್ಜಿಯ ಬೆಂಚೂ, ಭಜನೆಯೂ, ಉಸಿರಾಟವೂ ಸಾಲವು. ಯಾರೂ ಇಲ್ಲದಿದ್ದರೂ ದನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಪಿತೂರಿ ಮಾಡಿದ್ದಾರೆಂಬ ಅಲುಗದ ನಂಬಿಕೆ, ದಿನಗಟ್ಟಲೆ ನಿದ್ದೆಯಿಲ್ಲದೆ ಹುರುಪು ಉಕ್ಕುವುದು, ಅನ್ನ ನೀರು ಬಿಡುವುದು, ಬಾಣಂತಿಗೆ ಗೊಂದಲ ಕವಿಯುವುದು, ಸಾಯುವ ಮಾತು ಬರುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಮನೋವಿಕಲ್ಪದ ಕಾಯಿಲೆಗಳಿಗೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ನಿಮ್ಹಾನ್ಸ್ ತಂಡ ತೀರ್ಥಹಳ್ಳಿಯಲ್ಲಿ, ಆಮೇಲೆ ನಮ್ಮದೇ ಜಿಲ್ಲೆಯ ತುರುವೇಕೆರೆಯಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ತಾಲ್ಲೂಕಿನಲ್ಲೇ ಔಷಧಿ ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿತು. ಚಿಕಿತ್ಸೆ ಪಡೆದವರ ಅಸಾಮರ್ಥ್ಯ ಇಳಿದು, ಮನೆಗೆಲಸ, ಹೊಲಗೆಲಸಕ್ಕೆ ಮರಳುವುದು ಸಾಧ್ಯವೆಂದು ಈ ಕೆಲಸ ತೋರಿಸಿತು.

ಕುಡಿತದ ವಿಷಯದಲ್ಲಂತೂ ಎರಡೂ ಕೈ ಸೇರಲೇಬೇಕು. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಮೊದಲ ದಿನಗಳಿಗೆ ವೈದ್ಯರು ಬೇಕು. ನಂತರದ ವರ್ಷಗಳಿಗೆ ಜೊತೆಗಾರರು ಬೇಕು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳ ಬಳಿಕ ಕಟ್ಟುವ ನವಜೀವನ ಸಮಿತಿಗಳು ಈ ಜೊತೆಗಾರಿಕೆಗೆ ನಮ್ಮ ನೆಲದ ಉದಾಹರಣೆ. ಹಣ ಪಡೆಯದೆ, ಕುಡಿತ ಬಿಟ್ಟವರೇ ಕುಡಿತ ಬಿಡುವವರ ಕೈಹಿಡಿಯುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಗ್ಗೆ 27 ಅಧ್ಯಯನಗಳನ್ನು ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆ, ಪೂರ್ಣವಾಗಿ ಕುಡಿತ ಬಿಡಿಸುವುದರಲ್ಲಿ ಈ ದಾರಿ ಇತರ ಮನೋಚಿಕಿತ್ಸೆಗಳಿಗೆ ಸಮ ಅಥವಾ ಅವಕ್ಕಿಂತ ಮೇಲು ಎಂದಿತು. ಚಿಕಿತ್ಸಾ ಕೋಣೆಯ ಹೊರಗೆ ಹುಟ್ಟಿದ ಆಸರೆಯೊಂದು ಪರೀಕ್ಷೆಗೆ ಒಡ್ಡಿಕೊಂಡು ಗೆದ್ದ ಬಗೆ ಇದು.

ಹಾಗಾಗಿ ಯಾರೇ ಆಗಲಿ, ಗುರುವಾಗಲಿ, ಸಂಘವಾಗಲಿ, ಶಿಬಿರವಾಗಲಿ, ನಿಮ್ಮನ್ನು ಸಮಗ್ರವಾಗಿ ಬೆಳೆಸುತ್ತೇವೆ ಎಂದಾಗ ಎರಡು ಪ್ರಶ್ನೆ ಕೇಳಿ. ಒಂದು, ತಿಂಗಳು ಕಳೆದ ಮೇಲೆ ನಿದ್ದೆ, ಊಟ, ಕೆಲಸ, ನಂಟುಗಳಲ್ಲಿ ಯಾವುದು ಮರಳಿದೆ? ಎರಡು, ನಿಮ್ಮ ಕೈ ಮೀರಿದಾಗ ನನ್ನನ್ನು ಯಾರ ಬಳಿ ಕಳಿಸುತ್ತೀರಿ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಹೊತ್ತು, ದುಡ್ಡು ಹಾಳು. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ ಅಥವಾ ಮಾತ್ರೆ ಬಿಟ್ಟು ಬಾ ಎಂದರೆ ಜೀವಕ್ಕೇ ಅಪಾಯ. ಇವೇ ಪ್ರಶ್ನೆಗಳನ್ನು ಆಸ್ಪತ್ರೆಗೂ ಕೇಳಬೇಕು. ಮಾತ್ರೆ ಬರೆದ ಡಾಕ್ಟರು ರೋಗಿಯ ಸಾಲ, ಒಂಟಿತನ, ಕೆಲಸಗಳ ಬಗ್ಗೆ ಕೇಳದಿದ್ದರೆ ಅವರ ಕೆಲಸವೂ ಅರ್ಧವೇ.

ಈ ನಾಲ್ಕು ತಾಲ್ಲೂಕುಗಳಿಗೆ ಬೇಕಾದ ಸಾಮಗ್ರಿ ಬಹುಪಾಲು ಕೈಯಲ್ಲೇ ಇದೆ. ಆಶಾ ಅಕ್ಕಂದಿರಿದ್ದಾರೆ, ಸಂಘಗಳಿವೆ, ಮಂಗಳವಾರದ ವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತಾಡಬಹುದು. ಇಲ್ಲದಿರುವುದು ಇವುಗಳ ನಡುವಿನ ಕೊಂಡಿ. ಪಂಚಾಯಿತಿಗೆ ಒಂದಿಬ್ಬರಂತೆ ಕೇಳಿಸಿಕೊಳ್ಳಲು ಬಲ್ಲ ಹಿರಿಯರನ್ನು, ಕನ್ನಡ, ತೆಲುಗು, ಉರ್ದು ಬಲ್ಲವರನ್ನು ಆರಿಸಿ, ಗೋವಾದಲ್ಲಿ, ಹರಾರೆಯಲ್ಲಿ ಕೊಟ್ಟಂಥ ತರಬೇತಿ ಕೊಟ್ಟು, ಗೌರವಧನ ಕೊಟ್ಟು, ತಾಲ್ಲೂಕು ಆಸ್ಪತ್ರೆಯ ಮೇಲ್ವಿಚಾರಣೆಗೆ ಸೇರಿಸಿದರೆ ಆ ಕೊಂಡಿ ಬೆಸೆಯುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮನಸ್ಸಿನ ಆರೈಕೆಯೂ ಕುಡಿಯುವ ನೀರಿನಷ್ಟೇ ಪಂಚಾಯಿತಿಯ ಹೊಣೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಜನ ಬೇಕು. ಮುಂದಿನ ಗ್ರಾಮಸಭೆಯಲ್ಲಿ ಆ ಮಾತನ್ನು ನೀವೇ ಎತ್ತಬಹುದು.